ಒಂಬತ್ತು ಸಾವಿರ ಗೋಡೆ ಗಡಿಯಾರ ಮಂಜೂರು ಮಾಡಿದ ಮಾನ್ಯ ಮ್ಯಾಕ್ರೋ ಅವರಿಗೆ

ಕಲ್ಯಾಣದುರ್ಗ,
15 ಮೇ 2006

ಇವರಿಗೆ:
ಮಾನ್ಯ ಮ್ಯಾಕ್ರೋ ಅವರು,
ನೀರಿನ ಹೂಜಿಯ ಪಕ್ಕದ ಕಂಪ್ಯೂಟರ್,
ಪೆನ್ನಾ ದಂಡೆ ಕುರಿ ಸಾಕಣೆದಾರರ ಸಹಕಾರ ಸಂಘ,
ಪ್ರಧಾನ ಕಚೇರಿ, ಹಿಂದೂಪುರ.

(ಪ್ರತಿಗಳು: ಎರಡೂ ಕಚೇರಿಗಳ ಸೂಚನಾ ಫಲಕಕ್ಕೆ, ಮತ್ತು ಜಾಗವಿದ್ದರೆ ಪತ್ರಿಕೆಯ ಓದುಗರ ವಿಭಾಗಕ್ಕೆ.)

ಮಾನ್ಯರೇ,

ಸಂಘದ ಕಲ್ಯಾಣದುರ್ಗ ಶಾಖೆಯ ಗುಮಾಸ್ತನಾದ ಕೊಟ್ಟೂರಪ್ಪನು ತಮ್ಮ ಸನ್ನಿಧಿಯಲ್ಲಿ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾನು, ನಮ್ಮ ಕಾವಲುಗಾರ ಎರ್ರಪ್ಪ ಮತ್ತು ತಾವು ದಯಪಾಲಿಸಿದ ಇನ್ನೂರ ನಲವತ್ತು ಗೋಡೆ ಗಡಿಯಾರಗಳು ಕ್ಷೇಮ. ತಮ್ಮ ಕಡೆ ಕರೆಂಟು ಸರಿಯಾಗಿ ಬರುತ್ತಿದೆಯೆಂದೂ, ಸಂಜೆ ಮರೆಯದೆ ತಮಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸುತ್ತಾರೆಂದೂ ನಂಬಿದ್ದೇನೆ. ತಮಗೆ ಕನ್ನಡವೂ ಬಾರದು, ತೆಲುಗೂ ಬಾರದು ಎಂದು ಬಲ್ಲೆ. ಆದರೂ ಪ್ರಧಾನ ಕಚೇರಿಯಲ್ಲಿ ಎರಡೂ ಬಲ್ಲವರಿಗೆ ಇದುವರೆಗೆ ಫೋನಿನಲ್ಲಿ ಮೂರು ಸಲ ಹೇಳಿ ಪ್ರಯೋಜನವಾಗದ ಕಾರಣ, ಏನೂ ಬಾರದ ತಮ್ಮಲ್ಲೇ ನೇರವಾಗಿ ನಿವೇದಿಸಿಕೊಳ್ಳುವುದು ಮೇಲೆಂದು ತೋರಿತು.

ಸೂಚನಾ ಫಲಕದ ಮುಂದೆ ನಿಂತು ಇದನ್ನು ಓದುವ ಸದಸ್ಯರಿಗೆ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡಬೇಕು. ನಮ್ಮ ಶಾಖೆ ವರ್ಷಕ್ಕೆ ಬೇಕಾದ್ದನ್ನೆಲ್ಲ ಒಂದು ಪಟ್ಟಿ ಮಾಡಿ ಹಿಂದೂಪುರಕ್ಕೆ ಕಳಿಸುತ್ತದೆ. ಪಟ್ಟಿಯಲ್ಲಿ ಇರುವುದು ಆರೇ ಆರು ಬಾಬು: ಟಗರು ನಾಲ್ಕು, ಕುರಿಗಳ ಲಸಿಕೆ ಒಂಬತ್ತು ಸಾವಿರ ಡೋಸು, ಗೋಡೆ ಗಡಿಯಾರ ಒಂದು, ಪೊರಕೆ ಆರು, ಹಾಜರಿ ಪುಸ್ತಕ ಎರಡು, ಕಾವಲುಗಾರ ಒಬ್ಬ. ಇದೇ ಕ್ರಮ, ಹತ್ತು ವರ್ಷದಿಂದ. ಪ್ರಧಾನ ಕಚೇರಿಯ ಲೆಕ್ಕಪತ್ರದ ವರಲಕ್ಷ್ಮಿಯವರು ಅದನ್ನು ಕಂಪ್ಯೂಟರಿನ ಲೆಕ್ಕದ ಹಾಳೆಗೆ ಏರಿಸಿ, ಅಲ್ಲಿಂದ ಅಂಕಿಗಳನ್ನು ಒಂದೊಂದಾಗಿ ಹೊಸ ಬಜೆಟ್ ಸಾಫ್ಟ್‌ವೇರಿಗೆ ದಾಟಿಸಬೇಕಿತ್ತು. ಬೆರಳು ನೋಯುವ ಆ ಕೆಲಸವನ್ನು ಒಂದೇ ಗುಂಡಿಯಲ್ಲಿ ಮಾಡಿ ಮುಗಿಸಲೆಂದು, ಮ್ಯಾಕ್ರೋ ಎಂಬ ಹೆಸರಿನ ತಾನಾಗಿ ಓಡುವ ಆಜ್ಞೆಗಳ ಸರಮಾಲೆಯಾಗಿ ಅವತರಿಸಿದವರು ತಾವು.

ತಮ್ಮ ವಿದ್ಯಾಭ್ಯಾಸ ಕಳೆದ ಜನವರಿಯಲ್ಲಿ ಇಪ್ಪತ್ತು ನಿಮಿಷ ನಡೆಯಿತು. ಸಾಫ್ಟ್‌ವೇರ್ ಕಂಪನಿಯಿಂದ ಬಂದಿದ್ದ ರವಿತೇಜ ಅವರು ವರಲಕ್ಷ್ಮಿಯವರಿಗೆ, "ಮೇಡಂ, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಒಂದ್ಸಲ ಮಾಡಿ ತೋರ್ಸಿ. ಅದು ನೋಡ್ಕೊಂಡು ಆಮೇಲೆ ತಾನೇ ಮಾಡ್ತದೆ" ಎಂದರಂತೆ. ಅದರಂತೆ ಅವರು ನಮ್ಮ ಶಾಖೆಯ ಹಾಳೆಯನ್ನು ತೆರೆದು, ಕೆಲಸ ಮಾಡಿ ತೋರಿಸಿ, ಉಳಿಸಿ, ಮುಚ್ಚಿದರು. ಪಾಠ ಮುಗಿದ ಮೇಲೆ ರವಿತೇಜ ಅವರು ಆ ಹಾಳೆಯ ಜಾಗದಲ್ಲಿ, ಮೊದಲೇ ತೆಗೆದಿಟ್ಟಿದ್ದ ಅದರ ಹೊಸ ನಕಲನ್ನು ಇಟ್ಟರು. ತಾವು ಎಲ್ಲವನ್ನೂ ಕಲಿತಿರಿ. ಮಧ್ಯೆ ಅವರು ಎದ್ದು ಹೋಗಿ ನೀರು ಕುಡಿದದ್ದನ್ನು ಮಾತ್ರ ಕಲಿಯಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಜನವರಿಯ ತಮ್ಮ ಪ್ರಥಮ ಪ್ರಯೋಗದಲ್ಲಿ (ಖರೀದಿಯಿಲ್ಲದ ಬರೀ ಪರೀಕ್ಷೆ ಅದು) ಒಂದು ಅಂಕಿಯೂ ತಪ್ಪಲಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ. ಅರ್ಧ ದಿನದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾರಾಬೂಂದಿ ಹಂಚಿದರು. ಅದೇ ಸಂಜೆ ಅಧ್ಯಕ್ಷರ ಸುತ್ತೋಲೆ ಹೊರಟಿತು: ಇನ್ನು ಮುಂದೆ ಪ್ರತಿ ಮೂರು ತಿಂಗಳ ಖರೀದಿಯೂ ಸಾಫ್ಟ್‌ವೇರಿನಲ್ಲಿ ಇದ್ದಂತೆಯೇ ನಡೆಯತಕ್ಕದ್ದು, ಕೈಬರಹದ ಬೇಡಿಕೆಗೆ ಬೆಲೆಯಿಲ್ಲ. ಅಂದಿನಿಂದ ನನ್ನ ಕೈಬರಹಕ್ಕೆ, ಅದು ದುಂಡಗಿದೆ ಎಂದು ಹೆಸರಾಗಿದ್ದರೂ, ಬೆಲೆಯಿಲ್ಲ.

ಏಪ್ರಿಲ್ ಮೂರರಂದು ತಾವು ಎರಡನೆಯ ಸಲ ದುಡಿದಿರಿ. ತಿಂಗಳ ಕೊನೆಗೆ ನಮ್ಮ ಶಾಖೆಯ ಮುಂದೆ ಒಂದು ಲಾರಿ ಬಂದು ನಿಂತಿತು. ಅದರಲ್ಲಿ ಇನ್ನೂರ ನಲವತ್ತು ಗೋಡೆ ಗಡಿಯಾರಗಳಿದ್ದವು. ಮಂಜೂರಾದ ಒಂಬತ್ತು ಸಾವಿರದ ಪೈಕಿ ಇದು ಮೊದಲ ಕಂತು, ಉಳಿದವು ತಯಾರಾಗುತ್ತಿವೆ ಎಂದು ಚೀಟಿಯಲ್ಲಿ ಬರೆದಿತ್ತು. ಡ್ರೈವರ್ ಪಕ್ಕದ ಸೀಟಿನಲ್ಲಿ ಐಸು ತುಂಬಿದ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಲಸಿಕೆ. ಎಷ್ಟು ಎಂದರೆ ನಾಲ್ಕು ಡೋಸು. ನಾಲ್ಕು ಡೋಸಿನ ಬಾಟಲಿಯನ್ನು ಯಾರೂ ತಯಾರಿಸುವುದಿಲ್ಲವಾದ್ದರಿಂದ, ಖರೀದಿ ವಿಭಾಗದವರು ದೊಡ್ಡ ಬಾಟಲಿಯಿಂದ ನಾಲ್ಕು ಡೋಸನ್ನು ನಾಲ್ಕು ಸಿರಿಂಜಿಗೆ ಎಳೆದು, ಹತ್ತಿ ಸುತ್ತಿ, ಹೆಣ್ಣು ಕಳಿಸುವ ಮನೆಯವರ ಕಾಳಜಿಯಿಂದ ಕಳಿಸಿದ್ದರು. ತಮ್ಮ ಆಜ್ಞೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಇನ್ನೊಂದು ಕಚೇರಿ ನನ್ನ ತಿಳಿವಳಿಕೆಯಲ್ಲಿ ಇಲ್ಲ.

ಗಡಿಯಾರಗಳನ್ನು ಕುರಿಶೆಡ್ಡಿನಲ್ಲಿ ಇಳಿಸಿದೆವು. ಪ್ರತಿಯೊಂದಕ್ಕೂ ಸೆಲ್ಲು ಹಾಕಿಯೇ ಕಳಿಸಿದ್ದರು, ಪ್ರತಿಯೊಂದೂ ತನಗೆ ತೋಚಿದ ಸಮಯ ತೋರಿಸುತ್ತಿತ್ತು. ಗಂಟೆ ಹೊಡೆಯುವ ಜಾತಿಯವಾದ್ದರಿಂದ ನಮ್ಮಲ್ಲಿ ಈಗ ದಿನದ ಯಾವ ನಿಮಿಷದಲ್ಲಿ ನೋಡಿದರೂ ಎಲ್ಲೋ ಒಂದು ಕಡೆ ಹನ್ನೆರಡು ಹೊಡೆಯುತ್ತಿರುತ್ತದೆ. ಎರ್ರಪ್ಪನಿಗೆ ಊಟದ ಹೊತ್ತು ಯಾವುದೆಂಬ ಗೊಂದಲ ತಪ್ಪಿದೆ. ಅವನು ಯಾವಾಗ ಬೇಕಾದರೂ ಉಣ್ಣುತ್ತಾನೆ.

ಇಷ್ಟೇ ಆಗಿದ್ದರೆ ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ. ಆದರೆ ನಮ್ಮಲ್ಲಿ ಬೀರಕ್ಕ ಎಂಬ ಸದಸ್ಯೆ ಇದ್ದಾರೆ. ಅವರಿಗೆ ಅರವತ್ತೆರಡು ಕುರಿಗಳಿವೆ. ಹೋದ ವರ್ಷದ ಮೊದಲ ಮಳೆಗೆ ಮುಂಚೆ ಎಪ್ಪತ್ತಮೂರು ಇದ್ದವು. ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಅದನ್ನು ಆಸೆಪಟ್ಟು ಮೇಯುವ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಚಿಟಿಕೆ ಹೊಡೆಯುವುದರಲ್ಲಿ ಕುರಿ ಬಿದ್ದುಹೋಗುತ್ತದೆಂದು ಇಲ್ಲಿಯವರು ಅದನ್ನು ಚಿಟುಕು ರೋಗ ಎನ್ನುತ್ತಾರೆ. ಅದಕ್ಕೆ ಮದ್ದಿಲ್ಲ, ಮುಂಚೆಯೇ ಹಾಕಿಸುವ ಲಸಿಕೆಯೊಂದೇ ದಾರಿ. ಅದೂ ಮೈಗೆ ಹಿಡಿಯಲು ಹದಿನಾಲ್ಕು ದಿನ ಬೇಕು. ಜೂನ್ ಮೊದಲ ವಾರ ಮಳೆ ಬರುವುದಾದರೆ ಮೇ ಇಪ್ಪತ್ತರೊಳಗೆ ಸೂಜಿ ಬೀಳಬೇಕು. ಇದು ಬೀರಕ್ಕನಿಗೂ ಗೊತ್ತು, ನನಗೂ ಗೊತ್ತು, ಕುರಿಗಳಿಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ. ತಮಗೆ ಮಾತ್ರ ಯಾರೂ ಹೇಳಿರಲಿಲ್ಲ.

ಬೀರಕ್ಕ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಸಾಮಿ, ಸೂಜಿ ಬಂತಾ?" ಎನ್ನುತ್ತಿದ್ದರು. ನಾಲ್ಕು ಬಂದಿವೆ ಎಂದೆ. "ನಾಕಾ? ಯಾವ್ ನಾಕಕ್ಕೆ ಆಕ್ಸಾನ ನೀನೇ ಆರ್ಸು. ಉಳಿದೈವತ್ತೆಂಟಕ್ಕೆ ಗೋಡೆ ಗಡಿಯಾರ ಕಟ್ಬುಟ್ಟು ಕಳಿಸ್ತೀನಿ, ಎಷ್ಟೊತ್ಗೆ ಸತ್ತೋ ಅಂತಾದ್ರೂ ಗೊತ್ತಾಯ್ತದೆ" ಎಂದರು. ವಾಸ್ತವಾಂಶದ ದೃಷ್ಟಿಯಿಂದ ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ.

ನಾನು ಕೂಡಲೇ ಹಿಂದೂಪುರದ ಮ್ಯಾನೇಜರ್ ಮುನೆಪ್ಪನವರಿಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದ, "ಕಂಪ್ಯೂಟರ್ ತಪ್ಪು ಮಾಡಲ್ಲ ಕಣಪ್ಪ. ಆದ್ರೂ ನೀನ್ ಏಳ್ತೀಯ ಅಂತ ಇನ್ನೊಂದ್ಸಲ ನೋಡ್ಬುಡಾನ" ಎಂದು, ಫೋನ್ ಕೆಳಗಿಡದೆಯೇ ವರಲಕ್ಷ್ಮಿಯವರ ಕಡೆ ತಿರುಗಿ, "ಇಂಕೋಸಾರಿ ನೊಕ್ಕಮ್ಮಾ" ಎಂದು ತೆಲುಗಿನಲ್ಲಿ ಕೂಗಿದರು. ಇನ್ನೊಂದು ಸಲ ಒತ್ತಮ್ಮ ಎಂದರ್ಥ. ಅವರು ಒತ್ತಿದರು. ತಾವು ಮೂರನೆಯ ಸಲ ಓಡಿದಿರಿ. ಲಸಿಕೆ ಸೊನ್ನೆಯಾಯಿತು, ಪೊರಕೆ ಒಂಬತ್ತು ಸಾವಿರವಾಯಿತು.

ಮಾನ್ಯರೇ, ಸಂಘದ ಇತಿಹಾಸದಲ್ಲಿ ದೂರೊಂದರ ಮೇಲೆ ಇಷ್ಟು ತ್ವರಿತವಾಗಿ ಕ್ರಮ ಕೈಗೊಂಡ ಉದಾಹರಣೆ ಇರಲಿಲ್ಲ. ಗೋರಂಟ್ಲದ ಸಂತೆಯಲ್ಲಿ ಸಿಕ್ಕಷ್ಟೂ ಪೊರಕೆ, ಅಂದರೆ ಆರುನೂರು, ಮೂರೇ ದಿನದಲ್ಲಿ ನಮ್ಮ ಬಾಗಿಲಿಗೆ ಬಂದವು. ನಾನು ಮತ್ತೆ ಫೋನ್ ಮಾಡಿದೆ. ಮತ್ತೆ "ಇಂಕೋಸಾರಿ ನೊಕ್ಕಮ್ಮಾ." ಹಾಜರಿ ಪುಸ್ತಕ ಒಂಬತ್ತು ಸಾವಿರ. ಇಬ್ಬರು ಸಿಬ್ಬಂದಿಗೆ ಇಷ್ಟು ಪುಸ್ತಕ ಎಷ್ಟು ಶತಮಾನ ಬರುತ್ತದೆಂದು ಲೆಕ್ಕ ಹಾಕಲು ಕೂತೆ, ಗಡಿಯಾರಗಳು ಬಿಡಲಿಲ್ಲ. ಮೂರನೆಯ ಸಲ ಫೋನಿನಲ್ಲಿ ಬೇಡಿಕೊಂಡೆ: ಸ್ವಾಮಿ, ದಯವಿಟ್ಟು ಒತ್ತಬೇಡಿ. "ಒತ್ದೇ ಇದ್ರೆ ಸರಿ ಇದೆಯೋ ಇಲ್ವೋ ಅಂತ ಎಂಗಪ್ಪ ಗೊತ್ತಾಗದು?" ಎಂದರು ಮುನೆಪ್ಪನವರು, ಒತ್ತಿಸಿದರು.

ಈ ಸಲ ಒಂಬತ್ತು ಸಾವಿರ ಕಾವಲುಗಾರರು ಮಂಜೂರಾದರು.

ಆಜ್ಞಾಪತ್ರ ಕೈಗೆ ಬಂದಾಗ ಎರ್ರಪ್ಪ ಮೊದಲು ಹೆದರಿದ, ಆಮೇಲೆ ಯೋಚಿಸಿದ, ಕೊನೆಗೆ ಮೀಸೆ ತಿರುವಿಕೊಂಡು ನನ್ನ ಮೇಜಿನ ಬಳಿ ಬಂದ. "ಸಾರ್, ಒಂಬತ್ ಸಾವ್ರದಾಗೆ ನಾನೇ ಸೀನಿಯರ್ ಅಲ್ವಾ? ಅಂಗಾದ್ರೆ ಟೀ ತರಾಕೆ ಇನ್ಮೇಲೆ ನಾನ್ ಓಯ್ತೀನಾ, ಅವ್ರಾಗೆ ಯಾರಾನಾ ಓಯ್ತಾರಾ?" ಎಂದು ಕೇಳಿದ. ಕಾವಲು ಕಾಯಲು ನಮ್ಮಲ್ಲಿ ಇರುವುದು ಎರಡು ಕೋಣೆ, ಒಂದು ಶೆಡ್ಡು. ಅವರನ್ನೆಲ್ಲ ಕೈಕೈ ಹಿಡಿಸಿ ಸಾಲಾಗಿ ನಿಲ್ಲಿಸಿದರೆ ಊರು ದಾಟಿ ಎಲ್ಲಿಯವರೆಗೆ ಹೋಗುತ್ತಾರೆಂದು ನಾವಿಬ್ಬರೂ ಸ್ವಲ್ಪ ಹೊತ್ತು ಚರ್ಚಿಸಿದೆವು.

ಆದರೆ ನನಗೆ ಚಿಂತೆ ಹತ್ತಿದ್ದು ಬೇರೆ. ಒಂಬತ್ತು ಸಾವಿರ ಎಂಬ ಅಂಕಿ ಪ್ರತಿ ಸಲವೂ ಒಂದೊಂದೇ ಬಾಬು ಕೆಳಗೆ ಇಳಿಯುತ್ತಿತ್ತು. ಲಸಿಕೆಯಿಂದ ಗಡಿಯಾರ, ಗಡಿಯಾರದಿಂದ ಪೊರಕೆ, ಪೊರಕೆಯಿಂದ ಪುಸ್ತಕ, ಪುಸ್ತಕದಿಂದ ಕಾವಲುಗಾರ. ಕಾವಲುಗಾರನೇ ಪಟ್ಟಿಯ ಕೊನೆ. ಇನ್ನೊಂದು ಸಲ ಒತ್ತಿದರೆ ಅದು ಪಟ್ಟಿಯಿಂದಲೇ ಬಿದ್ದುಹೋಗುತ್ತದೆ, ಆಗ ಬೀರಕ್ಕನ ಲಸಿಕೆ ಲೆಕ್ಕದಲ್ಲೇ ಇಲ್ಲವಾಗುತ್ತದೆ. ಆದ್ದರಿಂದ ಮೊನ್ನೆ ಶುಕ್ರವಾರ, ಮೇ ಹನ್ನೆರಡರಂದು, ತಮ್ಮನ್ನು ಖುದ್ದಾಗಿ ಕಾಣಲು ಹೊರಟೆ. ಬಸ್ಸು ಹತ್ತಿದಾಗ ಬೀರಕ್ಕ ಆಗಲೇ ಕಂಬಳಿ ಹೊದ್ದು ಕಿಟಕಿಯ ಪಕ್ಕ ಕೂತಿದ್ದರು. "ನೀನೊಬ್ನೇ ಓದ್ರೆ ಅವ್ರು ಒಂದ್ ಟೀ ಕುಡ್ಸಿ ಕಳಿಸ್ಬುಡ್ತಾರೆ. ನಾನೂ ಬತ್ತೀನಿ" ಎಂದರು. ಪೆನುಕೊಂಡ, ಸೋಮಂದೇಪಲ್ಲಿ ದಾಟಿ ಹಿಂದೂಪುರ ಸೇರುವವರೆಗೆ ದಾರಿಯಲ್ಲಿ ಕಂಡ ಕುರಿಮಂದೆಗಳನ್ನೆಲ್ಲ ಎಣಿಸುತ್ತಲೇ ಬಂದರು. ಅದು ಅವರ ಅಭ್ಯಾಸ.

ಕಚೇರಿಯಲ್ಲಿ ಸತ್ಕಾರಕ್ಕೆ ಕೊರತೆಯಾಗಲಿಲ್ಲ. ಟೀ ಕೊಟ್ಟರು. ಮುನೆಪ್ಪನವರು, "ಬಾಮ್ಮಾ ಬೀರಕ್ಕ, ನಿನ್ ಮುಂದೇನೇ ಒತ್ತಿಸ್ತೀನಿ ನೋಡೀವಂತೆ" ಎಂದು ವರಲಕ್ಷ್ಮಿಯವರಿಗೆ ಸನ್ನೆ ಮಾಡುವಷ್ಟರಲ್ಲಿ ಬೀರಕ್ಕ ಗುಂಡಿಗೂ ಅವರ ಬೆರಳಿಗೂ ನಡುವೆ ತಮ್ಮ ಕಂಬಳಿಯನ್ನು ಇಟ್ಟುಬಿಟ್ಟರು. "ಒತ್ಬ್ಯಾಡ ತಡಿಯಮ್ಮ. ಮೊದ್ಲು ನಮ್ ಪಟ್ಟಿ ತೋರ್ಸು. ಒಂದಪ ಕಣ್ಣಲ್ ನೋಡ್ತೀನಿ" ಎಂದರು.

ಇಲ್ಲಿ ಒಂದು ವಾಸ್ತವಾಂಶ. ಜನವರಿಯಿಂದೀಚೆಗೆ ಆ ಹಾಳೆಯನ್ನು ಯಾರೂ ನೋಡಿರಲಿಲ್ಲ. ತಾವೇ ತೆರೆಯುತ್ತಿದ್ದಿರಿ, ತಾವೇ ಮುಚ್ಚುತ್ತಿದ್ದಿರಿ. ವರಲಕ್ಷ್ಮಿಯವರು ತೆರೆದರು. ಓದು ಬಾರದ ಬೀರಕ್ಕ ಪರದೆಯ ಹತ್ತಿರ ಮುಖ ತಂದು, ಬೆರಳಿಟ್ಟು ಎಣಿಸಿ, "ಇವೇನಮ್ಮ ಮೇಲ್ಗಡೆ ಒಂದೇ ತರಾ ಇರೋವು ಐದವೆ? ಮರಿ ಆಕ್ತಾ ಅವಾ?" ಎಂದರು.

ಐದು ಶ್ರೀಗಳು. ಒಂದರ ಕೆಳಗೊಂದು.

ಮಾನ್ಯರೇ, ವರಲಕ್ಷ್ಮಿಯವರ ತಂದೆ ಗೋರಂಟ್ಲದಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಹಾಳೆಯ ನೆತ್ತಿಯ ಮೇಲೆ ಶ್ರೀ ಎಂದು ಬರೆಯದೆ ಒಂದು ಗಜ ಬಟ್ಟೆಯ ಲೆಕ್ಕವನ್ನೂ ಅವರು ಬರೆದವರಲ್ಲ. ಮಗಳೂ ಹಾಗೆಯೇ. ಜನವರಿಯಲ್ಲಿ ತಮಗೆ ಪಾಠ ಹೇಳುವಾಗ, ದಿನಾ ಹೇಗೆ ಮಾಡುತ್ತೀರೋ ಹಾಗೆಯೇ ಎಂದು ರವಿತೇಜ ಹೇಳಿದ್ದರಿಂದ, ಮೊದಲು ಹಾಳೆಯ ಮೇಲ್ಗಡೆ ಒಂದು ಹೊಸ ಸಾಲು ಸೇರಿಸಿ ಭಕ್ತಿಯಿಂದ ಶ್ರೀ ಎಂದು ಟೈಪು ಮಾಡಿ, ಆಮೇಲೆ ಅಂಕಿಗಳನ್ನು ದಾಟಿಸಿದ್ದರು. ನೀರು ಕುಡಿಯುವುದನ್ನು ಕಲಿಯದ ತಾವು ಇದನ್ನು ಕಲಿತಿರಿ. ಪ್ರತಿ ಸಲ ಓಡಿದಾಗಲೂ ಮೊದಲು ಒಂದು ಶ್ರೀ ಬರೆದಿರಿ. ಪ್ರತಿ ಶ್ರೀಗೂ ಕೆಳಗಿನ ಅಂಕಿಗಳೆಲ್ಲ ಒಂದು ಸಾಲು ಇಳಿದವು. ತಾವು ಮಾತ್ರ ಜನವರಿಯಲ್ಲಿ ಬೆರಳಿಟ್ಟ ಜಾಗಗಳಲ್ಲೇ ಬೆರಳಿಟ್ಟು, ಅಲ್ಲಿ ಯಾವ ಅಂಕಿ ಬಂದು ಕೂತಿದೆಯೋ ಅದನ್ನೇ ಲಸಿಕೆಯೆಂದು, ಗಡಿಯಾರವೆಂದು ಒಯ್ದು ಒಪ್ಪಿಸಿದಿರಿ. ನಮ್ಮ ಸಿಬ್ಬಂದಿಯಲ್ಲಿ ಇಷ್ಟು ದೈವಭಕ್ತಿಯುಳ್ಳವರು ಇನ್ನೊಬ್ಬರಿಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ಸುಲಭ ಎಂದು ತಾವು ಭಾವಿಸಬಹುದು. ಐದು ಶ್ರೀಗಳನ್ನೂ ಅಳಿಸಿದರೆ ಮುಗಿಯಿತು. ಆದರೆ ಅಳಿಸುವವರು ಯಾರು? ವರಲಕ್ಷ್ಮಿಯವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದುನಿಂತರು. "ಅಯ್ಯೋ, ಶ್ರೀ ಅಳ್ಸೋದಾ? ನಮ್ಮಪ್ಪ ಅಂಗ್ಡಿ ಮುಚ್ಚಿದ್ ದಿನಾನೂ ಅದೊಂದ್ ಅಳ್ಸಿಲ್ಲ" ಎಂದರು. ಮುನೆಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಂಗಿನ್ನೂ ಎರಡ್ ವರ್ಷ ಸರ್ವೀಸ್ ಐತೆ ಕಣಪ್ಪ" ಎಂದರು. ರವಿತೇಜ ಅವರಿಗೆ ಫೋನ್ ಮಾಡಿದೆವು. "ಡಿಲೀಟ್ ಒತ್ತಿದ್ರೆ ಆಯ್ತು ಸಾರ್" ಎಂದವರು, ಒತ್ತಬೇಕಾದ್ದು ಯಾವುದರ ಮೇಲೆ ಎಂದು ತಿಳಿದ ಕೂಡಲೇ, "ನಾನ್ ಏಳ್ದೆ ಅಂತ ಮಾತ್ರ ಅನ್ಬೇಡಿ" ಎಂದು ಇಟ್ಟುಬಿಟ್ಟರು. ಇನ್ನು ಉಳಿದವನು ನಾನು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಬೆಳೆದ, ಅಂಕಿ ಅಂಶಗಳನ್ನಲ್ಲದೆ ಬೇರೇನನ್ನೂ ನಂಬದ ನಾನು ಧೈರ್ಯವಾಗಿ ಮುಂದೆ ಬಂದು ಬೆರಳು ಚಾಚಿದೆ. ಅದು ಗುಂಡಿಗೆ ಅರ್ಧ ಅಂಗುಲ ಮೇಲೆ ನಿಂತಿತು. ಕೆಳಗೆ ಇಳಿಯಲಿಲ್ಲ. ಭುಜ ಉಳುಕಿದೆ ಎಂದು ಹೇಳಿ ಕೈ ಹಿಂತೆಗೆದುಕೊಂಡೆ.

ಬೀರಕ್ಕ ನಮ್ಮ ನಾಲ್ವರ ಮುಖವನ್ನೂ ನೋಡಿದರು. ಫೋನಿನಲ್ಲಿದ್ದ ಒಬ್ಬನನ್ನೂ ಸೇರಿಸಿ ನಾಲ್ವರು ಎನ್ನುತ್ತಿದ್ದೇನೆ. "ಅಳ್ಸಬ್ಯಾಡ್ರಿ ಬುಡ್ರಿ. ಇವು ಎಂಗೂ ಒಂದೊಂದೇ ಮೆಟ್ಲು ಇಳೀತಾವಲ್ಲ? ನಮ್ ಸೂಜಿ ಎಲ್ ಬಂದು ನಿಲ್ಬೇಕೋ ಅದ್ಕಿನ್ನ ಒಂದ್ ಮೆಟ್ಲು ಮ್ಯಾಲೆ ಬರೀರಿ. ಒತ್ತಿದ್ಮ್ಯಾಲೆ ತಾನೇ ಇಳ್ಕಂಡು ಬತ್ತದೆ" ಎಂದರು.

ನಾನು ಕಾಗದದ ಮೇಲೆ ಸಾಲುಗಳನ್ನು ಎಣಿಸಿ ನೋಡಿದೆ. ಸರಿಯಾಗಿತ್ತು. ಜನವರಿಯಲ್ಲಿ ಶ್ರೀಗೆ ಒಂದು, ತಲೆಬರಹಕ್ಕೆ ಎರಡು, ಟಗರಿಗೆ ಒಂದು ಸಾಲು ಹೋಗಿದ್ದರಿಂದ, ತಾವು ಲಸಿಕೆಯೆಂದು ಬೆರಳಿಡುವುದು ಐದನೆಯ ಸಾಲಿನಲ್ಲಿ. ಅದಕ್ಕಿಂತ ಒಂದು ಮೇಲೆ, ನಾಲ್ಕನೆಯ ಶ್ರೀಯ ಪಕ್ಕದಲ್ಲಿ, ಒಂಬತ್ತು ಸಾವಿರ ಎಂದು ಬರೆಯಬೇಕು. ವರಲಕ್ಷ್ಮಿಯವರು ಬರೆದರು. ಶ್ರೀಯ ಪಕ್ಕ ಅಂಕಿ ಬರೆಯುವುದಕ್ಕೆ ಅಡ್ಡಿಯಿಲ್ಲವೆಂದೂ ಅದು ಒಳ್ಳೆಯದೇ ಎಂದೂ ಹೇಳಿದರು. ಬೀರಕ್ಕ ಕಂಬಳಿ ತೆಗೆದರು. ಮುನೆಪ್ಪನವರು ತಮ್ಮ ಜೀವಮಾನದಲ್ಲಿ ಮೊದಲ ಸಲ ಮೆಲ್ಲನೆಯ ದನಿಯಲ್ಲಿ, "ಇಂಕೋಸಾರಿ ನೊಕ್ಕಮ್ಮಾ" ಎಂದರು.

ಲಸಿಕೆ, ಒಂಬತ್ತು ಸಾವಿರ. ಟಗರು, ಗಡಿಯಾರ, ಪೊರಕೆ, ಪುಸ್ತಕ, ಎಲ್ಲ ಸೊನ್ನೆ. ಟಗರುಗಳ ನಾಲ್ಕು ಮಾತ್ರ ಇಳಿದು ಬಂದು ಕಾವಲುಗಾರರ ಮುಂದೆ ನಿಂತಿತ್ತು. ಅದನ್ನು ಆಮೇಲೆ ನೋಡೋಣ ಎಂದು ಎದ್ದೆವು.

ಈಗ ನನ್ನ ವಿನಂತಿಗಳು. ಲಸಿಕೆಯ ಪೆಟ್ಟಿಗೆ ಇನ್ನೂ ಬಂದಿಲ್ಲ. ಗುರುವಾರ ಬರುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ಯಾರು ಒತ್ತಿದರೂ ದಯವಿಟ್ಟು ಓಡಬೇಡಿ. ತಲೆನೋವು, ನೆಂಟರ ಮದುವೆ, ಏನಾದರೂ ಹೇಳಿ, ರಜೆಯ ಅರ್ಜಿಯನ್ನು ನಾನೇ ದುಂಡಗೆ ಬರೆದುಕೊಡುತ್ತೇನೆ. ತಮ್ಮ ಭಕ್ತಿಗೆ ನನ್ನ ಆಕ್ಷೇಪವಿಲ್ಲ, ಆದರೆ ಲಗ್ನಪತ್ರಿಕೆಯಲ್ಲಿ ಕೂಡ ಶ್ರೀಯನ್ನು ಒಂದೇ ಸಲ ಅಚ್ಚು ಹಾಕುತ್ತಾರೆ, ಮದುವೆ ಊರ್ಜಿತವಾಗುತ್ತದೆ ಎಂಬುದನ್ನು ಗಮನಿಸಿ. ಸಾಧ್ಯವಾದರೆ ವರಲಕ್ಷ್ಮಿಯವರು ಎದ್ದು ನೀರು ಕುಡಿದದ್ದನ್ನೂ ಕಲಿಯಿರಿ. ಕೆಲಸದ ಮಧ್ಯೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನಿಂತು ನೋಡಿದ್ದರೆ, ಒಂದು ಊರಿಗೆ ಇಷ್ಟು ಗಡಿಯಾರ ಯಾಕೆ ಎಂಬ ಪ್ರಶ್ನೆ ತಮಗೂ ಹೊಳೆಯುತ್ತಿತ್ತು. ಹಾಗೆಯೇ ಬಿಡುವಾದಾಗ ಒಮ್ಮೆ ಕಲ್ಯಾಣದುರ್ಗಕ್ಕೆ ಚಿತ್ತೈಸಿ ಈ ಇನ್ನೂರ ನಲವತ್ತಕ್ಕೂ ಸಮಯ ಹೊಂದಿಸಿಕೊಡಬೇಕು. ಅದು ಒಂದೇ ಕೆಲಸವನ್ನು ಇನ್ನೂರ ನಲವತ್ತು ಸಲ ಮಾಡುವುದಾದ್ದರಿಂದ ತಮಗೆ ಇಷ್ಟವಾಗಬಹುದು.

ಅರವತ್ತೆರಡು ಕುರಿಗಳ ಪರವಾಗಿಯೂ ನಮಸ್ಕರಿಸುತ್ತಾ,

ತಮ್ಮ ವಿಶ್ವಾಸಿ, ಮತ್ತು ತಮ್ಮದೇ ದಾಖಲೆಯಂತೆ ಸದ್ಯಕ್ಕೆ ನಾಲ್ವರು ಕಾವಲುಗಾರರ ಮೇಲ್ವಿಚಾರಕ,
ಕೊಟ್ಟೂರಪ್ಪ
ಗುಮಾಸ್ತ, ಕಲ್ಯಾಣದುರ್ಗ ಶಾಖೆ

ಮರೆತ ಮಾತು, 18 ಮೇ, ಗುರುವಾರ: ಪತ್ರವನ್ನು ಅಂಚೆಗೆ ಹಾಕುವ ಮುನ್ನ ತಿಳಿಸಬೇಕಾದ್ದು. ಇಂದು ಬೆಳಿಗ್ಗೆ ಪೆಟ್ಟಿಗೆಗಳು ಬಂದವು. ಒಂಬತ್ತು ಸಾವಿರ ಡೋಸು, ಒಂದೂ ಕಡಿಮೆಯಿಲ್ಲ. ಮೊದಲ ಸೂಜಿ ಬೀರಕ್ಕನ ಮಂದೆಗೆ ಬಿತ್ತು. ಒಂದೊಂದನ್ನೇ ಬಾಗಿಲಲ್ಲಿ ನಿಂತು ಎಣಿಸಿ ಒಳಗೆ ಬಿಟ್ಟ ಅವರು, ಅರವತ್ತೆರಡು ಮುಗಿದ ಮೇಲೆ, "ಇನ್ ಬರ್ಲಿ ಬುಡು ಮಳೆ" ಎಂದು ಕಂಬಳಿ ಕೊಡವಿ ಎದ್ದರು; ಹೋಗುವಾಗ ಒಂದು ಗಡಿಯಾರವನ್ನೂ ಒಂದು ಪೊರಕೆಯನ್ನೂ ಕೇಳದೆ ಎತ್ತಿಕೊಂಡರು, ನಾನು ನೋಡಲಿಲ್ಲ. ಈ ಸಂತೋಷದ ಸುದ್ದಿಯನ್ನು ತಿಳಿಸಲು ಹಿಂದೂಪುರಕ್ಕೆ ಫೋನ್ ಮಾಡಿ ತಪ್ಪು ಮಾಡಿದೆ. ಮುನೆಪ್ಪನವರು ತುಂಬಾ ಸಂತೋಷಪಟ್ಟು, ಎಲ್ಲಾ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ತಮ್ಮನ್ನು ಇನ್ನೊಂದು ಸಲ ಒತ್ತಿಸಿದ್ದಾರೆ. ನಾಲ್ಕನೆಯ ಶ್ರೀಯ ಪಕ್ಕದ ಒಂಬತ್ತು ಸಾವಿರ ಇನ್ನೊಂದು ಮೆಟ್ಟಿಲು ಇಳಿದು ಗಡಿಯಾರದ ಮುಂದೆ ಬಂದು ಕೂತಿದೆ. ಕಾವಲುಗಾರರು ಸೊನ್ನೆ. ಎರಡನೆಯ ಕಂತಿನ ಲಾರಿ ಸೋಮಂದೇಪಲ್ಲಿ ದಾಟಿದೆ ಎಂದು ಈಗ ತಾನೇ ತಿಳಿಯಿತು. ಮಾಲು ಇಳಿಸಿಕೊಳ್ಳಬೇಕಾದ ಎರ್ರಪ್ಪ, ತಾನು ದಾಖಲೆಯಲ್ಲೇ ಇಲ್ಲದ ಕಾರಣ, ಹನ್ನೆರಡು ಹೊಡೆಯಿತೆಂದು ಊಟಕ್ಕೆ ಹೋಗಿದ್ದಾನೆ.